ಡಾಕ್ಟ್ರು ಮಾತ್ರೆ ಬದಲು ತೋಟದ ಕೆಲಸಕ್ಕೆ ಕಳಿಸ್ತಾರಂತೆ: ಬ್ರಿಟನ್ನಿನ ಸೋಷಿಯಲ್ ಪ್ರಿಸ್ಕ್ರೈಬಿಂಗ್ ಅಂದ್ರೆ ಏನು, ಎಲ್ಲಿ ತೊಡಕಾಗ್ತಿದೆ?

2025ರ ಜೂನ್ 30ಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಒಂಟಿತನದ ಬಗ್ಗೆ ಒಂದು ದೊಡ್ಡ ವರದಿ ಹೊರಗೆ ತಂತು. ಜಗತ್ತಿನಲ್ಲಿ ಪ್ರತಿ 6 ಜನರಲ್ಲಿ ಒಬ್ಬರನ್ನ ಒಂಟಿತನ ಕಾಡ್ತಿದೆ, ವರ್ಷಕ್ಕೆ ಸುಮಾರು 8,71,000 ಸಾವುಗಳಿಗೆ ಅದರ ನಂಟಿದೆ, ಅಂದ್ರೆ ಗಂಟೆಗೆ ಹತ್ತಿರತ್ತಿರ 100 ಸಾವು ಅಂತ ಅದರಲ್ಲಿತ್ತು. ವರದಿ ತಯಾರಿಸಿದ ಆಯೋಗಕ್ಕೆ ಇಬ್ಬರು ಅಧ್ಯಕ್ಷರು, ಅವರಲ್ಲಿ ಒಬ್ಬರು ಅಮೆರಿಕದ ಸರ್ಜನ್ ಜನರಲ್ ಆಗಿದ್ದ ವಿವೇಕ್ ಮೂರ್ತಿ, ಅವರ ಕುಟುಂಬದ ಮೂಲ ಮಂಡ್ಯ ಜಿಲ್ಲೆಯ ಹಲ್ಲೆಗೆರೆ. ಒಂಟಿತನದ ಸುದ್ದಿ ಬಂದಾಗಲೆಲ್ಲ ಅದರ ಹಿಂದೇನೇ "ಬ್ರಿಟನ್ನಿನಲ್ಲಿ ಇದಕ್ಕೆ ಸೋಷಿಯಲ್ ಪ್ರಿಸ್ಕ್ರೈಬಿಂಗ್ ಅಂತ ಮಾಡಿದಾರೆ" ಅನ್ನೋ ಮಾತೂ ಬರುತ್ತೆ. ಮಾತ್ರೆ ಒಂದೇ ಸಾಲದ ರೋಗಿಯನ್ನ ಊರಿನ ಗುಂಪಿಗೋ, ಸಲಹೆ ಕೇಂದ್ರಕ್ಕೋ ಕಳಿಸಿಕೊಡೋದು ಅಂತ ಅದರರ್ಥ. ಗೊಂದಲ ಶುರುವಾಗೋದು ಅಲ್ಲೇ.

ಯಾಕಂದ್ರೆ ಬರೋ ಸುದ್ದಿಗಳೆಲ್ಲ ಒಂದೊಂದು ದಿಕ್ಕಿಗೆ ಎಳೆಯುತ್ವೆ. ಸ್ವಿಟ್ಜರ್ಲೆಂಡಿನ ನ್ಯೂಶಾಟೆಲ್ ಊರಲ್ಲಿ ಡಾಕ್ಟ್ರು ಮ್ಯೂಸಿಯಂ ನೋಡ್ಕೊಂಡು ಬನ್ನಿ ಅಂತ ಚೀಟಿ ಬರೆದುಕೊಡ್ತಾರೆ ಅಂತ ಒಂದು ಸುದ್ದಿ. ಇಂಗ್ಲೆಂಡಿನಲ್ಲಿ 2022ರ ಆಗಸ್ಟಲ್ಲಿ 11 ಸ್ಥಳೀಯ ಆಡಳಿತಗಳಿಗೆ 1 ಕೋಟಿ 27 ಲಕ್ಷ ಪೌಂಡ್ ಕೊಟ್ಟು ಸೈಕಲ್ ಹೊಡೆಯೋದನ್ನ, ನಡೆಯೋದನ್ನ ಡಾಕ್ಟ್ರ ಚೀಟಿಗೆ ತರೋ ಪ್ರಯೋಗ ಅಂತ ಇನ್ನೊಂದು. ಸ್ವೀಡನ್ನಿನ ಪ್ರವಾಸೋದ್ಯಮದವರು "ಡಾಕ್ಟ್ರು ನಮ್ಮ ದೇಶಾನೇ ನಿಮಗೆ ಬರೆದುಕೊಡಲಿ" ಅಂತ ಮಾಡಿದ ಜಾಹೀರಾತು ಕೂಡ ಇದರ ಜೊತೆ ಸೇರ್ಕೊಂಡು ಓಡಾಡ್ತು. ಇದನ್ನೆಲ್ಲ ಒಟ್ಟಿಗೆ ಓದಿದವರಿಗೆ ಇದು ಚಿಕಿತ್ಸೆನಾ, ಪ್ರಚಾರನಾ, ಇಲ್ಲಾ ಡಾಕ್ಟ್ರು ಸಿಗದೇ ಇದ್ದಾಗ ಸರ್ಕಾರ ಹುಡುಕಿದ ದಾರಿನಾ ಅನ್ನೋ ಪ್ರಶ್ನೆ ಬರೋದು ಸಹಜ. ಇದನ್ನ ದೊಡ್ಡ ಪ್ರಮಾಣದಲ್ಲಿ, ಸರ್ಕಾರದ ಸಂಬಳ ಕೊಟ್ಟು, ದೇಶದ ತುಂಬ ಮಾಡಿರೋದು ಇಂಗ್ಲೆಂಡು, ಹಾಗಾಗಿ ಅಲ್ಲಿಂದಲೇ ನೋಡೋಣ.

ಚೀಟಿ ಬರೆಯೋದು ಯಾರು, ಅದರಲ್ಲಿ ಏನಿರುತ್ತೆ

ಇಂಗ್ಲೆಂಡಿನಲ್ಲಿ ಪ್ರತಿಯೊಬ್ಬರೂ ತಮ್ಮ ಏರಿಯಾದ ಜಿಪಿ ಹತ್ರ, ಅಂದ್ರೆ ಫ್ಯಾಮಿಲಿ ಡಾಕ್ಟ್ರ ಹತ್ರ ಹೆಸರು ನೋಂದಾಯಿಸ್ಕೊಂಡಿರ್ತಾರೆ. ಅಪಾಯಿಂಟ್‌ಮೆಂಟ್ ಸಾಮಾನ್ಯವಾಗಿ 10 ನಿಮಿಷದ್ದು. 2019ರ ಜುಲೈಯಿಂದ ಅಕ್ಕಪಕ್ಕದ ಜಿಪಿ ಕ್ಲಿನಿಕ್‌ಗಳನ್ನ ಸೇರಿಸಿ, ಸುಮಾರು 30 ಸಾವಿರದಿಂದ 50 ಸಾವಿರ ಜನಕ್ಕೆ ಒಂದು ಗುಂಪು ಅಂತ ಮಾಡಿದ್ರು, ಪ್ರೈಮರಿ ಕೇರ್ ನೆಟ್‌ವರ್ಕ್ ಅಂತ ಅದರ ಹೆಸರು. ಈ ನೆಟ್‌ವರ್ಕಲ್ಲಿ ಡಾಕ್ಟ್ರು ನರ್ಸು ಅಲ್ಲದೆ ಲಿಂಕ್ ವರ್ಕರ್ ಅಂತ ಒಂದು ಹೊಸ ಹುದ್ದೆ ಬಂತು. ಸೋಷಿಯಲ್ ಪ್ರಿಸ್ಕ್ರೈಬಿಂಗ್ ಅನ್ನೋ ಇಡೀ ವ್ಯವಸ್ಥೆ ನಿಂತಿರೋದು ಈ ಒಬ್ಬ ವ್ಯಕ್ತಿ ಮೇಲೆ.

ಲಿಂಕ್ ವರ್ಕರ್ ಡಾಕ್ಟ್ರಲ್ಲ, ಕೌನ್ಸೆಲರೂ ಅಲ್ಲ. ಜಿಪಿ ಇವರ ಹತ್ರ ಕಳಿಸಿದ್ರೆ ಮೊದಲ ಭೇಟಿಗೇ ಮುಕ್ಕಾಲು ಗಂಟೆ, ಒಂದು ಗಂಟೆ ಕೂತು ಮಾತಾಡ್ತಾರೆ, ಆಮೇಲೆ ಕೆಲವು ತಿಂಗಳು ಸಂಪರ್ಕದಲ್ಲಿರ್ತಾರೆ. ಒಬ್ಬ ಲಿಂಕ್ ವರ್ಕರ್ ವರ್ಷಕ್ಕೆ 200ರಿಂದ 250 ಜನರನ್ನ ನೋಡ್ಕೋಬೇಕು ಅನ್ನೋದು ಎನ್‌ಎಚ್‌ಎಸ್, ಅಂದ್ರೆ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ ಇಟ್ಕೊಂಡ ಲೆಕ್ಕ.

ಒಂದು ಊಹೆಯ ಉದಾಹರಣೆ ಇಟ್ಕೊಂಡ್ರೆ ಚೆನ್ನಾಗಿ ಅರ್ಥ ಆಗುತ್ತೆ. 68 ವರ್ಷದ ಒಬ್ಬರು, ಹೆಂಡತಿ ತೀರಿಕೊಂಡು ವರ್ಷ ಆಗಿದೆ, ಶುಗರ್ ಇದೆ, ಮೊಣಕಾಲು ನೋವು, ಬೆಡ್‌ರೂಮ್ ಗೋಡೆ ತೇವ ಹಿಡಿದು ಬೂಷ್ಟು ಬಂದಿದೆ, ಚಳಿಗಾಲದಲ್ಲಿ ಹೀಟರ್ ಹಾಕಿದ್ರೆ ಬಿಲ್ ಕಟ್ಟಕ್ಕಾಗಲ್ಲ ಅಂತ ಹಾಕೋದೇ ಬಿಟ್ಟಿದಾರೆ. ಜಿಪಿ ಹತ್ರ ಅವರು ಹೇಳೋದು ಮಾತ್ರ ಒಂದೇ, ನಿದ್ದೆ ಬರ್ತಿಲ್ಲ. 10 ನಿಮಿಷದಲ್ಲಿ ಡಾಕ್ಟ್ರ ಕೈಲಿ ಆಗೋದು ನಿದ್ದೆ ಮಾತ್ರೆ ಬರೆಯೋದು, ಇಲ್ಲಾ ಡಿಪ್ರೆಶನ್ ಮಾತ್ರೆ ಬರೆಯೋದು. ಲಿಂಕ್ ವರ್ಕರ್ ಹತ್ರ ಹೋದ್ರೆ ಮೊದ್ಲು ಬಿಲ್ಲಿನ ಕಾಗದಗಳು ಹೊರಗೆ ಬರ್ತವೆ. ಕಡಿಮೆ ಆದಾಯದ ನಿವೃತ್ತರಿಗೆ ಸಿಗೋ ಪೆನ್ಷನ್ ಕ್ರೆಡಿಟ್‌ಗೆ ಅರ್ಜಿ ಹಾಕೇ ಇಲ್ಲ ಅಂತ ಗೊತ್ತಾಗುತ್ತೆ, ಅದನ್ನ ಇಬ್ಬರೂ ಕೂತು ತುಂಬ್ತಾರೆ. ಬೂಷ್ಟಿನ ಬಗ್ಗೆ ಕೌನ್ಸಿಲ್‌ಗೆ, ಅಂದ್ರೆ ಸ್ಥಳೀಯ ಆಡಳಿತಕ್ಕೆ ದೂರು ಹೋಗುತ್ತೆ. ಅದೆಲ್ಲ ಒಂದು ಹದಕ್ಕೆ ಬಂದ ಮೇಲೆ, ಮೊದ್ಲು ಏನ್ ಕೆಲಸ ಮಾಡ್ತಿದ್ರಿ ಅನ್ನೋ ಮಾತು ಬರುತ್ತೆ, ಮರಗೆಲಸ ಅಂತಾರೆ, ಊರಲ್ಲಿ ಮೆನ್ಸ್ ಶೆಡ್ ಇದೆ, ಅಂದ್ರೆ ವಯಸ್ಸಾದ ಗಂಡಸರು ಸೇರ್ಕೊಂಡು ಮರದ ಕೆಲಸ, ರಿಪೇರಿ ಕೆಲಸ ಮಾಡೋ ಜಾಗ. ಆಸ್ಟ್ರೇಲಿಯಾದಲ್ಲಿ ಶುರುವಾಗಿ ಬ್ರಿಟನ್ನಿಗೆ ಬಂದ ಪದ್ಧತಿ ಅದು. ಮೊದಲ ದಿನ ಲಿಂಕ್ ವರ್ಕರೇ ಜೊತೆಗೆ ಹೋಗ್ತಾರೆ. ಈ ಜೊತೆಗೆ ಹೋಗೋದು ಬಹಳ ಮುಖ್ಯ, ಯಾಕಂದ್ರೆ ವರ್ಷಗಟ್ಟಲೆ ಮನೆಯೊಳಗೇ ಇದ್ದವರಿಗೆ ವಿಳಾಸ ಬರೆದಿರೋ ಒಂದು ಪಾಂಪ್ಲೆಟ್ ಕೊಟ್ಟು ಕಳಿಸಿದ್ರೆ ಹೆಚ್ಚಿನವರು ಹೋಗಲ್ಲ, ಬಾಗಿಲ ತನಕ ಬಂದು ವಾಪಸ್ ಹೋಗೋರೂ ಇರ್ತಾರೆ.

ಸುದ್ದಿಗಳಲ್ಲಿ ತೋಟದ ಕೆಲಸ, ಹಾಡಿನ ಗುಂಪು, ಚಿತ್ರ ಬಿಡಿಸೋದು ಕಾಣುತ್ತೆ. ಲಿಂಕ್ ವರ್ಕರ್‌ಗಳ ದಿನದಲ್ಲಿ ಮನೆ, ಸಾಲ, ಸರ್ಕಾರಿ ಭತ್ಯೆ, ಆರೈಕೆ ಮಾಡೋರ ಸುಸ್ತು, ಇಂಥವೂ ಅಷ್ಟೇ ತುಂಬಿರ್ತವೆ. ಫೋಟೋಗೆ ಚೆಂದ ಕಾಣೋದು ತೋಟ, ಹಾಗಾಗಿ ಇದು ಹವ್ಯಾಸದ ಚೀಟಿ ಅನ್ನೋ ತಪ್ಪು ಕಲ್ಪನೆ ಬೆಳೆದಿದೆ.

ಇದು ಯಾಕೆ ಹುಟ್ಟಿತು

ಪೂರ್ವ ಲಂಡನ್ನಿನ ಬ್ರಾಮ್ಲಿ ಬೈ ಬೋ ಅನ್ನೋ ಕಡೆ 1984ರಲ್ಲಿ ಆಂಡ್ರ್ಯೂ ಮಾಸನ್ ಅನ್ನೋ ಪಾದ್ರಿ, ಹೆಚ್ಚುಕಮ್ಮಿ ಖಾಲಿ ಬಿದ್ದಿದ್ದ ಒಂದು ಚರ್ಚನ್ನ ಸುತ್ತಲಿನ ಜನಕ್ಕೆ ಬಿಟ್ಟುಕೊಟ್ರು. ತುಂಬ ಬಡವರ ಏರಿಯಾ, ಬಾಂಗ್ಲಾದೇಶದ ಮೂಲದವರು ಬಹಳ. ಅಲ್ಲಿ ಕಲಾವಿದರು ಬಂದ್ರು, ಮಕ್ಕಳನ್ನ ನೋಡ್ಕೊಳ್ಳೋ ವ್ಯವಸ್ಥೆ ಬಂತು, ಕೆಫೆ ಬಂತು, ಭತ್ಯೆ ಅರ್ಜಿಗೆ ಸಹಾಯ ಬಂತು, 1997ರಲ್ಲಿ ಅದೇ ಜಾಗದಲ್ಲಿ ಜಿಪಿ ಕ್ಲಿನಿಕ್ಕೂ ಬಂತು. ಅಂದ್ರೆ ಮೊದ್ಲು ಜನ ಸೇರೋ ಜಾಗ, ಆಮೇಲೆ ಡಾಕ್ಟ್ರು. ಈ ಕ್ರಮವನ್ನ ನೆನಪಿಟ್ಕೊಳ್ಳಿ, ಇಡೀ ದೇಶಕ್ಕೆ ಇದನ್ನ ಹರಡುವಾಗ ತಿರುಗುಮುರುಗಾಗಿದ್ದು ಇದೇ.

ಇನ್ನೊಂದು ಕಡೆಯಿಂದ ಡಾಕ್ಟ್ರುಗಳ ಒತ್ತಡ ಇತ್ತು. ತಮ್ಮ ಹತ್ರ ಬರೋ 5 ಜನರಲ್ಲಿ ಒಬ್ಬರ ಸಮಸ್ಯೆ ಮೂಲದಲ್ಲಿ ಸಾಮಾಜಿಕವಾದ್ದು, ಅಂದ್ರೆ ದುಡ್ಡು, ಮನೆ, ಸಂಬಂಧ, ಒಂಟಿತನ ಅಂತ ಜಿಪಿಗಳು ಬಹಳ ವರ್ಷದಿಂದ ಹೇಳ್ತಾ ಬಂದಿದ್ರು. ಅಂದಾಜಿನ ಲೆಕ್ಕವೇ ಆದ್ರೂ ಕ್ಲಿನಿಕ್ಕಲ್ಲಿ ಕೂತಿರೋ ಯಾರೂ ಇದನ್ನ ಅಲ್ಲಗಳೆಯಲ್ಲ. ಇಂಥವರಿಗೆ ಕೊಡೋಕೆ ಡಾಕ್ಟ್ರ ಹತ್ರ ಇರೋದು ಮಾತ್ರೆ ಮಾತ್ರ, ಹಾಗಾಗಿ ಮಾತ್ರೆ ಬೆಳೀತಾ ಹೋಯ್ತು. 2019ರಲ್ಲಿ ಪಬ್ಲಿಕ್ ಹೆಲ್ತ್ ಇಂಗ್ಲೆಂಡ್ ಅನ್ನೋ ಸರ್ಕಾರಿ ಸಂಸ್ಥೆ ಲೆಕ್ಕ ಹಾಕಿದಾಗ, 2017-18ರ ಒಂದೇ ವರ್ಷದಲ್ಲಿ ಡಿಪ್ರೆಶನ್ ಮಾತ್ರೆ, ಓಪಿಯಾಯ್ಡ್ ನೋವಿನ ಮಾತ್ರೆ, ನಿದ್ದೆ ಮಾತ್ರೆ ತರದ, ಬಿಡೋಕೆ ಕಷ್ಟ ಆಗೋ ಔಷಧಿ ಪಡೆದವರು 1 ಕೋಟಿ 15 ಲಕ್ಷ ಜನ, ವಯಸ್ಕರಲ್ಲಿ ನಾಲ್ಕರಲ್ಲಿ ಒಬ್ಬರು. 2021ರ ಇನ್ನೊಂದು ಸರ್ಕಾರಿ ವರದಿ, ಜಿಪಿ ಮಟ್ಟದಲ್ಲಿ ಕೊಡೋ ಔಷಧಿಗಳಲ್ಲಿ ಕನಿಷ್ಠ 10 ಪರ್ಸೆಂಟ್ ಬೇಕಾಗೇ ಇರಲಿಲ್ಲ ಅಥವಾ ಆ ರೋಗಿಗೆ ಸರಿಯಾದ್ದಲ್ಲ ಅಂತ ಹೇಳ್ತು, ಪರಿಹಾರಗಳ ಸಾಲಲ್ಲಿ ಸೋಷಿಯಲ್ ಪ್ರಿಸ್ಕ್ರೈಬಿಂಗನ್ನೂ ಹೆಸರಿಸ್ತು.

ರಾಜಕೀಯದ ತಳ್ಳು ಸಿಕ್ಕಿದ್ದು ಒಂಟಿತನದ ಕಡೆಯಿಂದ. ಸಂಸದೆ ಜೋ ಕಾಕ್ಸ್ ಒಂಟಿತನದ ಬಗ್ಗೆ ಕೆಲಸ ಶುರು ಮಾಡಿದ್ರು, 2016ರಲ್ಲಿ ಅವರ ಕೊಲೆ ಆಯ್ತು, ಅವರ ಹೆಸರಿನ ಆಯೋಗ ಕೆಲಸ ಮುಂದುವರಿಸ್ತು, 2018ರ ಜನವರಿಯಲ್ಲಿ ಪ್ರಧಾನಿ ಥೆರೇಸಾ ಮೇ ಒಂಟಿತನದ ಹೊಣೆ ಹೊತ್ತ ಮಂತ್ರಿಯಾಗಿ ಟ್ರೇಸಿ ಕ್ರೌಚ್ ಅವರನ್ನ ನೇಮಿಸಿದ್ರು. ಮರುವರ್ಷದ ಎನ್‌ಎಚ್‌ಎಸ್ ದೀರ್ಘಾವಧಿ ಯೋಜನೆ ಎರಡು ಗುರಿ ಹಾಕ್ತು: 2020-21ರ ಕೊನೆಗೆ 1,000ಕ್ಕೂ ಹೆಚ್ಚು ಲಿಂಕ್ ವರ್ಕರ್‌ಗಳು, 2023-24ರ ಹೊತ್ತಿಗೆ 9 ಲಕ್ಷಕ್ಕೂ ಹೆಚ್ಚು ಜನರನ್ನ ಕಳಿಸೋ ಸಾಮರ್ಥ್ಯ.

ಜೊತೆ ಇಲ್ಲದೇ ಇದ್ರೆ ದೇಹ ಯಾಕೆ ಕೆಡುತ್ತೆ

ಒಂಟಿತನ ದಿನಕ್ಕೆ 15 ಸಿಗರೇಟ್ ಸೇದಿದ ಹಾಗೆ ಅನ್ನೋ ಮಾತು ವಾಟ್ಸಾಪ್‌ನಲ್ಲೆಲ್ಲ ಓಡಾಡುತ್ತೆ. ಅದರ ಬೇರು 2010ರಲ್ಲಿ ಜೂಲಿಯಾನ್ ಹೋಲ್ಟ್-ಲನ್‌ಸ್ಟಡ್ ಮತ್ತು ಜೊತೆಗಾರರು ಮಾಡಿದ ಒಂದು ವಿಶ್ಲೇಷಣೆ. 148 ಅಧ್ಯಯನಗಳು, 3 ಲಕ್ಷಕ್ಕೂ ಹೆಚ್ಚು ಜನ. ಒಳ್ಳೆ ಸಾಮಾಜಿಕ ಸಂಬಂಧ ಇರೋರು ಆ ಅಧ್ಯಯನದ ಅವಧಿಯಲ್ಲಿ ಬದುಕುಳಿಯೋ ಸಾಧ್ಯತೆ, ಇಲ್ಲದೋರಿಗಿಂತ 50 ಪರ್ಸೆಂಟ್ ಜಾಸ್ತಿ ಅಂತ ಅದರಲ್ಲಿ ಬಂತು. ಸಿಗರೇಟಿನ ಹೋಲಿಕೆ ಬಂದಿದ್ದು ಅಪಾಯಗಳ ಗಾತ್ರ ಅಕ್ಕಪಕ್ಕ ಇಟ್ಟು ನೋಡಿದ್ದರಿಂದ.

ಕಾರಣಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಒಬ್ಬರೇ ಇದ್ರೆ ಅಡುಗೆ ಮಾಡೋ ಮನಸ್ಸು ಹೋಗುತ್ತೆ, ಬ್ರೆಡ್ಡೋ ಬಿಸ್ಕೆಟ್ಟೋ ತಿಂದು ಮಲಗ್ತಾರೆ, ಶುಗರ್ ಏರುಪೇರಾಗುತ್ತೆ, ಮಾತ್ರೆ ತಗೊಂಡ್ರಾ ಅಂತ ಕೇಳೋರಿಲ್ಲ, ಕಾಲಲ್ಲಿ ಗಾಯ ಆದ್ರೆ ನೋಡೋರಿಲ್ಲ, ಹೊರಗೆ ಹೋಗಲ್ಲ ಅಂದ್ಮೇಲೆ ಸ್ನಾಯು ಸೋಲುತ್ತೆ, ಬೀಳ್ತಾರೆ, ಬಿದ್ದ ಭಯಕ್ಕೆ ಇನ್ನೂ ಹೊರಗೆ ಹೋಗಲ್ಲ. ಇದರ ಜೊತೆ ಸದಾ ಇರೋ ಆತಂಕ ನಿದ್ದೆ ಮತ್ತು ಬಿಪಿ ಎರಡನ್ನೂ ಕೆಡಿಸುತ್ತೆ. ಆದ್ರೆ ಇದರ ತಿರುವು ಕೂಡ ನಿಜ, ಕಾಯಿಲೆ ಬಿದ್ದವರು ಕಾಯಿಲೆಯಿಂದಾನೇ ಒಂಟಿ ಆಗ್ತಾರೆ. ಹಾಗಾಗಿ ಒಂಟಿತನ ಕಾಯಿಲೆ ತರುತ್ತೆ ಅನ್ನೋದಕ್ಕೆ ಬಲ ಇದ್ರೂ, ಒಂದು ಗುಂಪಿಗೆ ಸೇರಿಸಿದ ತಕ್ಷಣ ಕಾಯಿಲೆ ಹೋಗುತ್ತೆ ಅಂತ ಅದರಿಂದ ತೀರ್ಮಾನ ಆಗಲ್ಲ. ಈ ಎರಡು ಮಾತಿನ ನಡುವಿನ ಅಂತರವನ್ನ ಪ್ರಚಾರ ಮಾಡೋರು ಬಹಳ ಸಲ ಮುಚ್ಚಿಬಿಡ್ತಾರೆ.

ಫ್ರೂಮ್ ಅನ್ನೋ ಊರು

ಈ ವಿಷಯದಲ್ಲಿ ಎಲ್ಲರೂ ಹೇಳೋ ಯಶಸ್ಸಿನ ಕಥೆ ಸಾಮರ್‌ಸೆಟ್ ಪ್ರಾಂತ್ಯದ ಫ್ರೂಮ್ ಪಟ್ಟಣದ್ದು. 2013ರಲ್ಲಿ ಅಲ್ಲಿನ ಜಿಪಿ ಹೆಲೆನ್ ಕಿಂಗ್‌ಸ್ಟನ್ ಮತ್ತು ಸಮುದಾಯ ಕೆಲಸದಲ್ಲಿ ಅನುಭವ ಇದ್ದ ಜೆನ್ನಿ ಹಾರ್ಟ್‌ನಾಲ್ ಸೇರಿ ಕೆಲಸ ಶುರು ಮಾಡಿದ್ರು. ಮೊದ್ಲು ಮಾಡಿದ್ದು ಊರಲ್ಲಿ ಏನೇನು ಗುಂಪು, ಸಂಘ ಇದೆ ಅಂತ ಪಟ್ಟಿ ಮಾಡೋದು. ಎಲ್ಲಿ ಕೊರತೆ ಕಂಡಿತೋ ಅಲ್ಲಿ ಹೊಸ ಗುಂಪು ಕಟ್ಟಿದ್ರು. ಆಮೇಲೆ ಕಮ್ಯುನಿಟಿ ಕನೆಕ್ಟರ್ ಅಂತ ಊರಿನ ಸಾಮಾನ್ಯ ಜನಕ್ಕೇ ತರಬೇತಿ ಕೊಟ್ರು, ಟ್ಯಾಕ್ಸಿ ಓಡಿಸೋರು, ಕೂದಲು ಕತ್ತರಿಸೋರು, ಕೆಫೆಯಲ್ಲಿ ಕೆಲಸ ಮಾಡೋರು, ಹೀಗೆ. ಅವರಿಗೆ ಸಂಬಳ ಇಲ್ಲ, ಮಾತಿನ ಮಧ್ಯೆ ಯಾರಾದ್ರೂ ಕಷ್ಟ ಹೇಳ್ಕೊಂಡ್ರೆ "ಇಂಥ ಕಡೆ ಇಂಥ ಗುಂಪಿದೆ, ಕೇಳಿ ನೋಡಿ" ಅಂತ ಹೇಳೋಕೆ ಬೇಕಾದ ಮಾಹಿತಿ ಇರುತ್ತೆ ಅಷ್ಟೇ. ಟಾಕಿಂಗ್ ಕೆಫೆ ಅಂತ ಮಾಡಿದ್ರು, ಅಲ್ಲಿಗೆ ಯಾರು ಬೇಕಾದ್ರೂ ಹೋಗಿ ಕೂರಬಹುದು, ಡಾಕ್ಟ್ರ ಚೀಟಿನೇ ಬೇಕಾಗಿಲ್ಲ.

2018ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಜನರಲ್ ಪ್ರಾಕ್ಟೀಸ್‌ನಲ್ಲಿ ಇದರ ಅಂಕಿಅಂಶ ಬಂತು. 2013ರಿಂದ 2017ರ ನಡುವೆ ಫ್ರೂಮ್‌ನಲ್ಲಿ ತುರ್ತಾಗಿ ಆಸ್ಪತ್ರೆಗೆ ದಾಖಲಾಗೋರ ಪ್ರಮಾಣ 14 ಪರ್ಸೆಂಟ್ ಇಳಿದಿತ್ತು, ಅದೇ ಅವಧೀಲಿ ಇಡೀ ಸಾಮರ್‌ಸೆಟ್‌ನಲ್ಲಿ 28.5 ಪರ್ಸೆಂಟ್ ಏರಿತ್ತು. ಅಂಕಿ ದೊಡ್ಡದು, ಹಾಗಾಗಿ ಬೇಗ ಹರಡಿತು. ಆದ್ರೆ ಎಚ್ಚರದಿಂದ ಓದಬೇಕು. ಅದೇ ಸಮಯದಲ್ಲಿ ಫ್ರೂಮ್‌ನ ಕ್ಲಿನಿಕ್ಕು ಆಸ್ಪತ್ರೆಯಿಂದ ಮನೆಗೆ ಬಂದವರನ್ನ ವಿಚಾರಿಸೋ ಕ್ರಮ, ಹೆಚ್ಚು ಅಪಾಯ ಇರೋ ರೋಗಿಗಳನ್ನ ಮೊದಲೇ ಗುರುತಿಸಿ ಅವರಿಗೆ ಯೋಜನೆ ಹಾಕೋ ಕ್ರಮ ಎಲ್ಲವನ್ನೂ ಬದಲಾಯಿಸಿತ್ತು. ಇಳಿಕೆಗೆ ಕಾರಣ ಟಾಕಿಂಗ್ ಕೆಫೆನಾ, ಕ್ಲಿನಿಕ್ಕಿನ ಶಿಸ್ತಾ, ಎರಡೂ ಸೇರಿನಾ, ಬೇರೆ ಮಾಡಿ ಹೇಳೋಕಾಗಲ್ಲ. ಎರಡೂ ಸೇರಿದ್ದೇ ಅದರ ಗುಟ್ಟು ಅನ್ನೋದು ನನ್ನ ಅಂದಾಜು.

ಇನ್ನೊಂದು ವಿಷಯ ನಮಗೆ ಹತ್ತಿರದ್ದು. ಫ್ರೂಮ್ ಹಿಂದೆ ಇರೋ ಕಂಪ್ಯಾಶನೇಟ್ ಕಮ್ಯುನಿಟಿ ಅನ್ನೋ ಚಿಂತನೆಯವರು ಮತ್ತೆ ಮತ್ತೆ ತೋರಿಸೋ ಉದಾಹರಣೆ ಕೇರಳ. ಕೋಳಿಕ್ಕೋಡಲ್ಲಿ 1993ರಲ್ಲಿ ಶುರುವಾದ ಪ್ಯಾಲಿಯೇಟಿವ್ ಕೇರ್, ಅಂದ್ರೆ ವಾಸಿಯಾಗದ ಕಾಯಿಲೆ ಇರೋರ ನೋವು ಕಮ್ಮಿ ಮಾಡೋ ಆರೈಕೆಯ ಕೆಲಸ ಮುಂದೆ ಊರೂರಿನ ಸ್ವಯಂಸೇವಕರ ಜಾಲವಾಗಿ ಬೆಳೀತು, ಹಾಸಿಗೆ ಹಿಡಿದವರ ಮನೆಗೆ ನೆರೆಹೊರೆಯವರೇ ಹೋಗಿ ನೋಡ್ಕೊಳ್ಳೋದು, ದುಡ್ಡು ಕೂಡ ಊರಲ್ಲೇ ಸಣ್ಣಸಣ್ಣ ಮೊತ್ತದಲ್ಲಿ ಎತ್ತೋದು. 2008ರಲ್ಲಿ ಅಲ್ಲಿನ ಸರ್ಕಾರ ಅದಕ್ಕೆ ನೀತಿಯ ಬೆಂಬಲ ಕೊಡ್ತು.

ಪುರಾವೆ ಯಾಕೆ ಗಟ್ಟಿ ಆಗ್ತಿಲ್ಲ

2017ರಲ್ಲಿ ಬಿಎಂಜೆ ಓಪನ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಒಂದು ಪರಿಶೀಲನೆ 15 ಮೌಲ್ಯಮಾಪನಗಳನ್ನ ನೋಡ್ತು. ಹೆಚ್ಚಿನವು ಸಣ್ಣವು, ವಿನ್ಯಾಸದಲ್ಲೇ ಲೋಪ ಇದ್ದವು, ಆದ್ರೂ ಬಹುಪಾಲು ಒಳ್ಳೆ ಫಲಿತಾಂಶ ಅಂತ ಬರ್ಕೊಂಡಿದ್ವು ಅಂತ ಅದು ಹೇಳ್ತು. 2022ರಲ್ಲಿ ಅದೇ ಪತ್ರಿಕೆಯ ಇನ್ನೊಂದು ಪರಿಶೀಲನೆ ಲಿಂಕ್ ವರ್ಕರ್‌ಗಳ ಬಗ್ಗೆ ಹೋಲಿಕೆ ಗುಂಪು ಇದ್ದ 8 ಅಧ್ಯಯನ ನೋಡಿ, ಜೀವನದ ಗುಣಮಟ್ಟದ ಮೇಲೆ ಪರಿಣಾಮ ಇಲ್ಲ ಅಥವಾ ಬಹಳ ಕಮ್ಮಿ ಅಂತ ಹೇಳ್ತು, ಆ ಪುರಾವೆಯೂ ಗಟ್ಟಿ ಇಲ್ಲ ಅಂತ ಸೇರಿಸ್ತು. ನ್ಯೂಕಾಸಲ್‌ನಲ್ಲಿ ಟೈಪ್ 2 ಡಯಾಬಿಟಿಸ್ ಇರೋರ ಮೇಲೆ ನಡೆದ, 2021ರಲ್ಲಿ ಬಂದ ಅಧ್ಯಯನದಲ್ಲಿ ರಕ್ತದ ಮೂರು ತಿಂಗಳ ಸರಾಸರಿ ಸಕ್ಕರೆ ಪ್ರಮಾಣ ಇಳಿದಿದ್ದು ಕಾಣ್ತು, ಇಳಿಕೆ ಸಣ್ಣದು.

ಇದು ಯಾಕೆ ಹೀಗೆ ಅಂದ್ರೆ, ಜನ ಡಾಕ್ಟ್ರ ಹತ್ರ ಬರೋದೇ ತೀರಾ ಕುಸಿದಾಗ. ಆ ಹೊತ್ತಲ್ಲಿ ಅಳತೆ ಮಾಡಿ, ಮೂರು ತಿಂಗಳಾದ ಮೇಲೆ ಮತ್ತೆ ಅಳತೆ ಮಾಡಿದ್ರೆ, ಏನೂ ಮಾಡದೇ ಇದ್ರೂ ಹಲವರು ಸ್ವಲ್ಪ ಸುಧಾರಿಸಿರ್ತಾರೆ. ಹೋಲಿಕೆಗೆ ಇನ್ನೊಂದು ಗುಂಪು ಇಲ್ಲದೇ ಇದ್ರೆ ಆ ಸುಧಾರಣೆ ಎಲ್ಲ ಯೋಜನೆಯ ಖಾತೆಗೆ ಜಮಾ ಆಗುತ್ತೆ. ಇದರ ಜೊತೆ ಮಧ್ಯದಲ್ಲೇ ಬಿಟ್ಟುಹೋದವರು ಕೊನೆಯ ಫಾರ್ಮ್ ತುಂಬಲ್ಲ, ಉಳಿದವರು ಹೇಗೂ ಚೆನ್ನಾಗಿರೋರು, ಸರಾಸರಿ ಇನ್ನೂ ಚೆಂದ ಕಾಣುತ್ತೆ. 2021ರಲ್ಲಿ 7 ಕಡೆ ಶುರುವಾದ ಗ್ರೀನ್ ಸೋಷಿಯಲ್ ಪ್ರಿಸ್ಕ್ರೈಬಿಂಗ್, ಅಂದ್ರೆ ಪ್ರಕೃತಿ ಜೊತೆಗಿನ ಚಟುವಟಿಕೆಗಳ ಪ್ರಯೋಗದಲ್ಲಿ, ಮಾನಸಿಕ ಕಷ್ಟ ಇದ್ದ 8,000ಕ್ಕೂ ಹೆಚ್ಚು ಜನ ಭಾಗವಹಿಸಿದ್ರು, ತಲೆಗೆ ಸರಾಸರಿ 500 ಪೌಂಡ್ ಆಸುಪಾಸು ಖರ್ಚಾಯ್ತು, ಸಂತೋಷ ಏರಿತು ಆತಂಕ ಇಳೀತು ಅಂತ ಬಂತು. ಭರವಸೆ ಕೊಡೋ ಫಲಿತಾಂಶವೇ, ಆದ್ರೆ ಅಲ್ಲೂ ಇದೇ ಕೊರತೆ.

ಬೆಂಬಲಿಗರ ಉತ್ತರಾನೂ ಕೇಳಬೇಕು. ಒಬ್ಬರಿಗೆ ಸಾಲದ ಸಲಹೆ, ಇನ್ನೊಬ್ಬರಿಗೆ ಹಾಡಿನ ಗುಂಪು, ಮತ್ತೊಬ್ಬರಿಗೆ ಇಂಗ್ಲಿಷ್ ಕ್ಲಾಸು. ಇಷ್ಟು ಬೇರೆ ಬೇರೆ ಸಹಾಯವನ್ನ ಒಂದು ಮಾತ್ರೆ ಅಂತ ಭಾವಿಸಿ ಅಳೆಯೋದೇ ತಪ್ಪು ಅಂತ ಅವರ ವಾದ. ಅದರಲ್ಲಿ ಹುರುಳಿದೆ. ಆದ್ರೂ ಸಾರ್ವಜನಿಕ ದುಡ್ಡು ಖರ್ಚಾಗ್ತಿರುವಾಗ, ಯಾವ ತರದ ಸಹಾಯ ಯಾರಿಗೆ ಆಯ್ತು ಅನ್ನೋ ಲೆಕ್ಕನಾದ್ರೂ ಬೇಕು.

ಚೀಟಿ ಬರೆಯೋರಿಗೆ ಸಂಬಳ ಇದೆ, ಹೋಗಿ ಸೇರೋ ಜಾಗಕ್ಕೆ?

ನನ್ನ ಪ್ರಕಾರ ಈ ಇಡೀ ಚರ್ಚೆಯ ತಿರುಳು ಇಲ್ಲಿದೆ. ಲಿಂಕ್ ವರ್ಕರ್ ಸಂಬಳ ಎನ್‌ಎಚ್‌ಎಸ್ ಕೊಡುತ್ತೆ. ಅವರು ಜನರನ್ನ ಕಳಿಸೋ ತೋಟದ ಗುಂಪು, ಊಟದ ಕೂಟ, ಸಾಲದ ಸಲಹೆ ಕೇಂದ್ರ ಇವೆಲ್ಲ ನಡೆಯೋದು ಸ್ವಯಂಸೇವಾ ಸಂಸ್ಥೆಗಳಿಂದ, ಕೌನ್ಸಿಲ್ ಅನುದಾನದಿಂದ, ದಾನದಿಂದ. ಮಾತ್ರೆ ಬರೆದ್ರೆ ಮೆಡಿಕಲ್ ಸ್ಟೋರಿಗೆ ಆ ಮಾತ್ರೆಯ ದುಡ್ಡು ಸರ್ಕಾರದಿಂದ ಹೋಗುತ್ತೆ. ಮೆನ್ಸ್ ಶೆಡ್‌ಗೆ ಹತ್ತು ಜನರನ್ನ ಜಾಸ್ತಿ ಕಳಿಸಿದ್ರೆ ಆ ಶೆಡ್‌ಗೆ ತಾನಾಗಿ ಒಂದು ಪೌಂಡೂ ಹೋಗಲ್ಲ, ಬಾಡಿಗೆ, ವಿಮೆ, ಟೀ ಸಕ್ಕರೆ ಖರ್ಚು ಮಾತ್ರ ಜಾಸ್ತಿ ಆಗುತ್ತೆ. ಬರೋರಲ್ಲಿ ಈಗ ಹೆಚ್ಚು ಕಷ್ಟದಲ್ಲಿರೋರು, ಮಾನಸಿಕ ಕಾಯಿಲೆ ಇರೋರು ಇರ್ತಾರೆ, ಅವರನ್ನ ನೋಡ್ಕೊಳ್ಳೋ ತರಬೇತಿ ಅಲ್ಲಿನ ಸ್ವಯಂಸೇವಕರಿಗೆ ಇರಲ್ಲ.

ಇದಕ್ಕೆ ಹಿನ್ನೆಲೆ ಏನಂದ್ರೆ, 2010ರ ನಂತರದ ಖರ್ಚು ಕಡಿತದಲ್ಲಿ ಸ್ಥಳೀಯ ಕೌನ್ಸಿಲ್‌ಗಳಿಗೆ ಬರೋ ಕೇಂದ್ರದ ದುಡ್ಡು ಬಹಳ ಕಮ್ಮಿ ಆಯ್ತು. ಕೌನ್ಸಿಲ್‌ಗಳು ಕಾನೂನು ಪ್ರಕಾರ ಮಾಡಲೇಬೇಕಾದ ಕೆಲಸ ಉಳಿಸ್ಕೊಂಡು, ಬಾಕಿ ಕತ್ತರಿಸಿದ್ವು. 2010ರಿಂದ 2019ರೊಳಗೆ ಬ್ರಿಟನ್ನಿನಲ್ಲಿ ಸುಮಾರು 800 ಲೈಬ್ರರಿ ಮುಚ್ಚಿದ್ವು, ಯೂತ್ ಕ್ಲಬ್‌ಗಳು, ಮಕ್ಕಳ ಕೇಂದ್ರಗಳು ಹೋದ್ವು, ಹಳ್ಳಿ ಕಡೆ ಬಸ್ ರೂಟುಗಳು ನಿಂತ್ವು. ವಯಸ್ಸಾದವರಿಗೆ ಬಸ್ ಪಾಸ್ ಫ್ರೀ ಇದೆ, ಬಸ್ಸೇ ಇಲ್ಲದ ಹಳ್ಳೀಲಿ ಪಾಸ್ ಇಟ್ಕೊಂಡು ಏನ್ ಮಾಡೋದು. ಅಂದ್ರೆ ಒಂದು ಕೈಯಿಂದ ಜನ ಸೇರೋ ಜಾಗಗಳನ್ನ ಕಮ್ಮಿ ಮಾಡಿ, ಇನ್ನೊಂದು ಕೈಯಿಂದ ಅಲ್ಲಿಗೆ ಜನರನ್ನ ಕಳಿಸೋರನ್ನ ನೇಮಿಸಿದ ಹಾಗಾಯ್ತು. ಬ್ರಾಮ್ಲಿ ಬೈ ಬೋದಲ್ಲಿ ಜಾಗ ಮೊದಲು ಬಂತು, ಫ್ರೂಮ್‌ನಲ್ಲೂ ಗುಂಪು ಕಟ್ಟೋ ಕೆಲಸ ಜೊತೆಜೊತೆಗೇ ನಡೀತು, ದೇಶದ ಯೋಜನೆಯಲ್ಲಿ ಮೊದಲು ಬಂದಿದ್ದು ಹುದ್ದೆ.

ಇದರ ಪರಿಣಾಮ ಅಸಮವಾಗಿ ಬೀಳುತ್ತೆ. ಅನುಕೂಲಸ್ಥರ ಊರಲ್ಲಿ ನಿವೃತ್ತ ಮೇಷ್ಟ್ರು, ಲಾಯರು, ಅಕೌಂಟೆಂಟು ಸೇರಿ ಹತ್ತು ಸಂಘ ನಡೆಸ್ತಿರ್ತಾರೆ, ಲಿಂಕ್ ವರ್ಕರ್‌ಗೆ ಕಳಿಸೋಕೆ ಜಾಗ ಹೇರಳ. ಗಣಿ ಮುಚ್ಚಿದ, ಫ್ಯಾಕ್ಟರಿ ಮುಚ್ಚಿದ ಊರಲ್ಲಿ ಕಾಯಿಲೆ ಜಾಸ್ತಿ, ಸಂಘ ಕಮ್ಮಿ. ಬಡ ಪ್ರದೇಶಗಳಿಂದ ಲಿಂಕ್ ವರ್ಕರ್ ಹತ್ರ ಬರೋರ ಪಾಲು ಏರ್ತಾ ಬಂದಿದೆ ಅಂತ ಯೂನಿವರ್ಸಿಟಿ ಕಾಲೇಜ್ ಲಂಡನ್ನಿನ ಸಂಶೋಧಕರು ಲಕ್ಷಗಟ್ಟಲೆ ದಾಖಲೆ ನೋಡಿ ಹೇಳಿದಾರೆ, ಇದು ಒಳ್ಳೆ ಬೆಳವಣಿಗೆ. ಬಂದವರಿಗೆ ಆಮೇಲೆ ಏನು ಸಿಕ್ತು ಅನ್ನೋದು ಜಿಪಿ ದಾಖಲೆಯಲ್ಲಿ ಸರಿಯಾಗಿ ಕಾಣಲ್ಲ.

ಇಲ್ಲಿಂದ ಒಂದು ಆಳದ ಟೀಕೆ ಹುಟ್ಟುತ್ತೆ. ಜನರಿಗೆ ಚಿಕಿತ್ಸೆ ಕೊಟ್ಟು ಅದೇ ಕಾಯಿಲೆ ತಂದ ಪರಿಸ್ಥಿತಿಗೆ ವಾಪಸ್ ಕಳಿಸೋದರಲ್ಲಿ ಅರ್ಥ ಏನು ಅಂತ ಮೈಕಲ್ ಮಾರ್ಮಟ್ ವರ್ಷಗಳಿಂದ ಕೇಳ್ತಿದಾರೆ, ಆರೋಗ್ಯದ ಅಸಮಾನತೆ ಬಗ್ಗೆ 2010ರಲ್ಲಿ ಬಂದ ದೊಡ್ಡ ವರದಿ ಅವರದ್ದು. ಇದೇ ದಾರೀಲಿ ಟೀಕಾಕಾರರು ಹೇಳೋದು, ತೇವದ ಮನೆಗೆ ಕಾರಣ ಮನೆ ಮಾಲೀಕ ಮತ್ತು ವಸತಿ ನೀತಿ, ಬಿಲ್ ಕಟ್ಟಕ್ಕಾಗದ್ದಕ್ಕೆ ಕಾರಣ ಕಮ್ಮಿ ಆದಾಯ, ಅದನ್ನ ಕ್ಲಿನಿಕ್ಕಿಗೆ ತಂದು ಒಬ್ಬೊಬ್ಬರ ವೈಯಕ್ತಿಕ ಸಮಸ್ಯೆ ಅಂತ ಮಾಡಿದ್ರೆ ಸರ್ಕಾರದ ಹೊಣೆ ಕಣ್ಮರೆ ಆಗುತ್ತೆ ಅಂತ. ಈ ಟೀಕೆ ಸರಿ ಅಂತಾನೇ ನನಗನ್ಸುತ್ತೆ, ಆದ್ರೆ ಅದರಿಂದ ಲಿಂಕ್ ವರ್ಕರ್ ಬೇಡ ಅಂತ ಆಗಲ್ಲ, ನೀತಿ ಬದಲಾಗೋ ತನಕ ಆ 68 ವರ್ಷದವರ ಅರ್ಜಿ ತುಂಬೋಕೆ ಯಾರಾದ್ರೂ ಬೇಕೇ ಬೇಕು.

ಈಗ ಅಲ್ಲಿ ಏನಾಗ್ತಿದೆ

ಗುರಿಯ ಲೆಕ್ಕದಲ್ಲಿ ನೋಡಿದ್ರೆ ಯೋಜನೆ ಗೆದ್ದಿದೆ. 2017ರಿಂದ 2023ರ ನಡುವೆ ಸುಮಾರು 55 ಲಕ್ಷ ಸಮಾಲೋಚನೆಗಳಿಂದ ಲಿಂಕ್ ವರ್ಕರ್ ಕಡೆಗೆ ಕಳಿಸಿದ್ದು ಆಗಿದೆ, 9 ಲಕ್ಷದ ಗುರಿಯನ್ನ 2023ರಲ್ಲೇ ದಾಟಿದಾರೆ ಅಂತ ಅದೇ ಸಂಶೋಧಕರ ಲೆಕ್ಕ.

ಆದ್ರೆ ದುಡ್ಡಿನ ದಾರಿ ಬದಲಾಗಿದೆ. ಲಿಂಕ್ ವರ್ಕರ್‌ಗಳ ಸಂಬಳ ಬರ್ತಿದ್ದಿದ್ದು ಜಿಪಿ ನೆಟ್‌ವರ್ಕ್‌ಗಳಿಗೆ ಹೆಚ್ಚುವರಿ ಹುದ್ದೆಗಳಿಗೆ ಅಂತ ಕೊಡೋ ನಿಧಿಯಿಂದ. ಮೊದ್ಲು ಆ ನಿಧಿಯಲ್ಲಿ ಡಾಕ್ಟ್ರನ್ನ ನೇಮಿಸೋ ಹಾಗಿರಲಿಲ್ಲ. ಕೆಲಸ ಸಿಗದ ಹೊಸ ಜಿಪಿಗಳ ಕೂಗು ಜಾಸ್ತಿ ಆದ ಮೇಲೆ 2024ರ ಅಕ್ಟೋಬರಿಂದ ಅವರನ್ನೂ ಸೇರಿಸಿದ್ರು, 2025-26ಕ್ಕೆ ನಿರ್ಬಂಧ ಇನ್ನೂ ಸಡಿಲ ಮಾಡಿ ಎಲ್ಲ ಒಂದೇ ನಿಧಿಗೆ ತಂದ್ರು. ಈಗ ಒಂದು ನೆಟ್‌ವರ್ಕು ಅದೇ ದುಡ್ಡಲ್ಲಿ ಡಾಕ್ಟ್ರನ್ನ ತಗೋಬೇಕಾ, ಫಾರ್ಮಸಿಸ್ಟ್ ತಗೋಬೇಕಾ, ಲಿಂಕ್ ವರ್ಕರ್ ಉಳಿಸ್ಕೋಬೇಕಾ ಅಂತ ಆಯ್ಕೆ ಮಾಡಬೇಕು. ಅಪಾಯಿಂಟ್‌ಮೆಂಟ್ ಸಿಗ್ತಿಲ್ಲ ಅಂತ ಜನ ಬೈತಿರುವಾಗ ಲಿಂಕ್ ವರ್ಕರ್ ಕೆಲಸ ತಕ್ಷಣಕ್ಕೆ ಕಣ್ಣಿಗೆ ಕಾಣಲ್ಲ, ಮೊದ್ಲು ಕತ್ತರಿ ಬೀಳೋ ಅಪಾಯ ಅವರಿಗೇ. 2025ರ ಜುಲೈನಲ್ಲಿ ಬಂದ 10 ವರ್ಷದ ಆರೋಗ್ಯ ಯೋಜನೆ ಆಸ್ಪತ್ರೆಯಿಂದ ನೆರೆಹೊರೆಗೆ, ಕಾಯಿಲೆಯಿಂದ ತಡೆಗಟ್ಟೋ ಕಡೆಗೆ ಅಂತ ದೊಡ್ಡ ಮಾತು ಆಡುತ್ತೆ, ನೆರೆಹೊರೆಯ ಆರೋಗ್ಯ ಕೇಂದ್ರಗಳ ಭರವಸೆ ಕೊಡುತ್ತೆ. ಆ ಕೇಂದ್ರದೊಳಗೆ ಊರಿನ ಸಂಘಸಂಸ್ಥೆಗಳಿಗೆ ಜಾಗ, ದುಡ್ಡು ಎರಡೂ ಸಿಕ್ಕಿದ್ರೆ ಬ್ರಾಮ್ಲಿ ಬೈ ಬೋ ಕ್ರಮಕ್ಕೆ ವಾಪಸ್ ಬಂದ ಹಾಗಾಗುತ್ತೆ.

ಕರ್ನಾಟಕದಲ್ಲಿ ಆಗುತ್ತಾ

ನಮ್ಮಲ್ಲಿ ಕುಟುಂಬ ಇದೆ, ಇದೆಲ್ಲ ಬೇಕಿಲ್ಲ ಅನ್ನೋ ಮಾತು ತಕ್ಷಣ ಬರುತ್ತೆ. ಮಲೆನಾಡು, ಕರಾವಳಿಯ ಎಷ್ಟೋ ಮನೆಗಳಲ್ಲಿ ಈಗ ಇಬ್ಬರೇ ವಯಸ್ಸಾದವರು, ಇಲ್ಲಾ ಒಬ್ಬರೇ, ಮಕ್ಕಳು ಬೆಂಗಳೂರಲ್ಲೋ ಹೊರದೇಶದಲ್ಲೋ. ಹಾಗಾಗಿ ಪ್ರಶ್ನೆ ನಮ್ಮದೂ ಹೌದು.

ಇಂಗ್ಲೆಂಡಿನ ಹುದ್ದೆಯನ್ನ ಹಾಗೇ ತರೋದು ಕಷ್ಟ. ಅಲ್ಲಿ ಪ್ರತಿಯೊಬ್ಬರಿಗೂ ಒಬ್ಬ ನಿಗದಿತ ಜಿಪಿ ಇದಾರೆ, ನಮ್ಮಲ್ಲಿ ಜನ ಇವತ್ತು ಪಿಎಚ್‌ಸಿ, ನಾಳೆ ಪ್ರೈವೇಟ್ ಕ್ಲಿನಿಕ್, ನಾಡಿದ್ದು ಮೆಡಿಕಲ್ ಸ್ಟೋರು. ಕಳಿಸೋಕೆ ಒಂದು ಬಾಗಿಲೇ ಇಲ್ಲ. ಆದ್ರೆ ಆರೋಗ್ಯದ ಕೆಲಸವನ್ನ ಸ್ಪೆಷಲಿಸ್ಟ್ ಕೈಯಿಂದ ಊರಿನ ಮಟ್ಟಕ್ಕೆ ಇಳಿಸಿದ ಅನುಭವ ನಮಗಿದೆ. 1985ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್‌ನವರು ಪಿಎಚ್‌ಸಿ ಡಾಕ್ಟ್ರುಗಳಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು ಮಾನಸಿಕ ಕಾಯಿಲೆಗೆ ಅಲ್ಲೇ ಚಿಕಿತ್ಸೆ ಸಿಗೋ ಹಾಗೆ ಮಾಡಿದ್ರು, ಆ ಮಾದರಿ ಮೇಲೇನೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯ್ತು.

ಜಾಗದ ವಿಷಯದಲ್ಲೂ ನಾವು ಬರಿಗೈಯಲ್ಲಿಲ್ಲ. ಇಂಗ್ಲೆಂಡ್ ಲೈಬ್ರರಿ ಮುಚ್ಚುತ್ತಿದ್ದ ಕಾಲದಲ್ಲೇ ಕರ್ನಾಟಕ 5,600ಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಲೈಬ್ರರಿಗಳನ್ನ ಪಂಚಾಯತ್ ರಾಜ್ ಇಲಾಖೆಗೆ ತಂದು ಅರಿವು ಕೇಂದ್ರಗಳನ್ನಾಗಿ ಮಾಡ್ತು. ಸ್ತ್ರೀಶಕ್ತಿ ಸಂಘಗಳಿವೆ, ಯುವಕ ಮಂಡಲಗಳಿವೆ, ಭಜನಾ ಮಂಡಳಿಗಳಿವೆ. 2023ರ ಜೂನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ ಫ್ರೀ, ಅಂದ್ರೆ ಓಡಾಟದ ಖರ್ಚಿನ ಅಡ್ಡಿ ಇಲ್ಲಿ ಅರ್ಧದಷ್ಟು ಜನಕ್ಕೆ ಇಲ್ಲ.

ಆದ್ರೆ ಇಲ್ಲಿ ಇನ್ನೊಂದು ಪ್ರಶ್ನೆ ಇದೆ, ಅಲ್ಲಿನ ಯಾವ ಮಾದರಿಯಲ್ಲೂ ಅದಕ್ಕೆ ಉತ್ತರ ಸಿಗಲ್ಲ. ಊರಿನ ಅರಳಿಕಟ್ಟೆ ಮೇಲೆ ಯಾರು ಕೂರಬಹುದು? ಭಜನಾ ಮಂಡಳಿಗೆ ಯಾವ ಕೇರಿಯವರು ಬರ್ತಾರೆ, ಯಾರು ಬರಲ್ಲ? ಗಂಡ ತೀರಿಕೊಂಡ ಹೆಂಗಸು ಯಾವ ಯಾವ ಕಾರ್ಯಕ್ರಮದಿಂದ ದೂರ ಇರಬೇಕಾಗುತ್ತೆ? ಸಮುದಾಯಕ್ಕೆ ಕಳಿಸಿ ಅನ್ನೋ ಮುಂಚೆ, ಆ ಸಮುದಾಯ ಯಾರನ್ನ ಹೊರಗಿಟ್ಟಿದೆ ಅಂತ ನೋಡಬೇಕು, ಯಾಕಂದ್ರೆ ಬಹಳ ಒಂಟಿಯಾಗಿರೋರು ಹೆಚ್ಚಾಗಿ ಅವರೇ. ಹಾಗಾಗಿ ನಮ್ಮಲ್ಲಿ ಇದನ್ನ ಮಾಡೋದಾದ್ರೆ ಅರಿವು ಕೇಂದ್ರದಂಥ, ಎಲ್ಲರಿಗೂ ಕಾನೂನುಬದ್ಧ ಹಕ್ಕಿರೋ ಸರ್ಕಾರಿ ಜಾಗದಿಂದ ಶುರು ಮಾಡೋದು ಸರಿ.

ಇನ್ನು ಲಿಂಕ್ ವರ್ಕರ್ ಕೆಲಸ ಯಾರು ಮಾಡಬೇಕು ಅಂದ ತಕ್ಷಣ ಎಲ್ಲರ ಬಾಯಲ್ಲೂ ಬರೋದು ಆಶಾ ಕಾರ್ಯಕರ್ತೆಯರು. ಮನೆಮನೆಯ ಪರಿಚಯ ಅವರಿಗಿದೆ, ಯಾರ ಮನೇಲಿ ಏನು ಕಷ್ಟ ಅಂತ ಗೊತ್ತಿರೋದೂ ಅವರಿಗೇ. ಆದ್ರೆ ರಾಜ್ಯದ ಸುಮಾರು 42 ಸಾವಿರ ಆಶಾಗಳಿಗೆ ಸಿಗೋದು ಸಂಬಳ ಅಲ್ಲ, ಗೌರವಧನ ಮತ್ತು ಕೆಲಸಕ್ಕಿಷ್ಟು ಅಂತ ಪ್ರೋತ್ಸಾಹಧನ, ಅದಕ್ಕಾಗಿ 2025ರ ಜನವರಿಯ ಚಳೀಲಿ ಬೆಂಗಳೂರಿನ ಫ್ರೀಡಂ ಪಾರ್ಕಲ್ಲಿ ಅಹೋರಾತ್ರಿ ಕೂತಿದ್ರು. ಒಬ್ಬರ ಜೊತೆ ಒಂದು ಗಂಟೆ ಕೂತು ಮಾತು ಕೇಳೋದು ಬಿಡುವಿನಲ್ಲಿ ಮಾಡೋ ಕೆಲಸ ಅಲ್ಲ, ಇಂಗ್ಲೆಂಡು ಅದಕ್ಕೆ ಪೂರ್ಣಾವಧಿ ಹುದ್ದೆ ಅಂತ ಸಂಬಳ ಕೊಡ್ತಿದೆ. ತಿಂಗಳಿಗೆ ಖಚಿತ ಸಂಬಳ ಮತ್ತು ಈ ಕೆಲಸಕ್ಕೆ ಅಂತಾನೇ ಬಿಡುವು ಮಾಡಿಕೊಡದೆ, ಆಶಾಗಳ ಡೈರಿಯಲ್ಲಿ ಒಂಟಿತನ ಅಂತ ಇನ್ನೊಂದು ಕಾಲಂ ಸೇರಿಸಬಾರದು.